ಎಡಗಣ್ಣಿನ ರೆಪ್ಪೆಗೂದಲು

ತಣ್ಣಗೆ ಏನೋ ಎಡಗಣ್ಣಿನ ಅಂಚಿಗೆ ತಾಗಿ ಹೋಯಿತು, ಇರುವೆಯೊಂದು ಕಾಲಿಟ್ಟು, ಅಯ್ಯೋ ಜಾಗ ತಪ್ಪಿತೆಂದು ಹಿಂದೆ ಸರಿದ ಹಾಗೆ — ಚಿಮಟ, ಸೊಸೆಯ ಚಿಮಟ, ರೆಪ್ಪೆಗೆ ಇನ್ನೊಂದು ಕೃತಕ ಕೂದಲು ಕೂತಿತು, ಗ್ವಾನ್‌ಸೆಯುಂ ಬೋಸಾಲ್, ಕರುಣೆಯ ತಾಯಿ, ಕೂದಲಿಗೊಂದು ನಾಮ, ಜಪಮಾಲೆ ಕೈಯಲ್ಲಿಲ್ಲದಿದ್ದರೇನು, ಎಣಿಕೆ ಕಣ್ಣಿನ ಮೇಲೇ ನಡೆದಿದೆ, ಇದು ಇಪ್ಪತ್ತೆರಡನೆಯದು, ಅಲ್ಲ ಇಪ್ಪತ್ತಮೂರನೆಯದು, ಬೆನ್ನಡಿಯ ನೆಲ ಬೆಚ್ಚಗಿದೆ, ಅಂಟಿನ ವಾಸನೆ ಹುಳಿಯಾಗಿ ಮೂಗಿಗೆ ಹತ್ತುತ್ತಿದೆ, ಓಕ್‌ಬುನ್ ಅಜ್ಜಿ ಅಲುಗುವುದಿಲ್ಲ, ಎಪ್ಪತ್ತನಾಲ್ಕು ವರ್ಷದಲ್ಲಿ ಬೆಳ್ಳುಳ್ಳಿ ನೆಟ್ಟಿದ್ದಾಳೆ, ಸಿಂಪಿ ಬಿಡಿಸಿದ್ದಾಳೆ, ನಾಲ್ಕು ಹೆತ್ತಿದ್ದಾಳೆ, ಕಣ್ಣು ಮುಚ್ಚಿ ಮಲಗುವುದೇನು ಮಹಾ. ಅತ್ತೆ, ರೆಪ್ಪೆ ಅದುರ್ತಿದೆ, ಒಳಗೇ ಜಪ ಮಾಡ್ತಿದೀರಾ, ಸ್ವಲ್ಪ ಹೊತ್ತು ದೇವರನ್ನ ಬಿಡಿ. ದೇವರನ್ನು ನಾನು ಹಿಡಿದಿದ್ದರಲ್ಲವೇ ಬಿಡುವುದು, ಸುಮ್ಮನೆ ಅಂಟಿಸಮ್ಮ. ಸೊಸೆ ಸುಕ್‌ಯಂಗ್ ನಗುತ್ತಾಳೆ, ಅವಳ ಉಸಿರು ಹಣೆಗೆ ತಾಗುತ್ತದೆ, ಪಟ್ಟಣದಲ್ಲಿ ಎಂಟು ವರ್ಷ ಅಲಂಕಾರದ ಅಂಗಡಿಯಲ್ಲಿ ದುಡಿದ ಕೈ, ಈಗ ಮನೆಯ ಹಿಂಕೋಣೆಯಲ್ಲೇ ಸುತ್ತಲ ಊರಿನ ಮದುಮಕ್ಕಳಿಗೆಲ್ಲ ರೆಪ್ಪೆ ಕೂರಿಸುವ ಕೈ, ಅದು ನಡುಗುವುದಿಲ್ಲ, ತಪ್ಪು ಆ ಕೈಯದ್ದಲ್ಲ, ಅಜ್ಜಿಯದ್ದೇ — ನಿನ್ನೆ ಎರಡೂ ಕಣ್ಣಿಗೆ ಕೂರಿಸಿ ಎಷ್ಟು ಸಲ ಹೇಳಿದಳು, ಒಂದು ದಿನ ನೀರು ಬೇಡ, ಅನ್ನದ ಹಬೆ ಬೇಡ, ಬೋರಲು ಮಲಗಬೇಡಿ, ಎಣ್ಣೆ ಅಂತೂ ಹತ್ತಿರ ಸುಳೀಬಾರದು ಅತ್ತೆ, ಎಣ್ಣೆ ಬಿತ್ತೋ ಅಂಟು ಬಿಟ್ಟುಕೊಳ್ತು. ನೀರು ಬಿಟ್ಟಳು, ಹಬೆ ಬಿಟ್ಟಳು, ರಾತ್ರಿಯಿಡೀ ಅಂಗಾತ ಮಲಗಿದಳು. ಬೆಳಗೆದ್ದು ಫೋಟೋಕ್ಕೆಂದು ತಲೆಗೆ ದೊಂಗ್‌ಬೆಕ್ ಬೀಜದ ಎಣ್ಣೆ ಸವರಿದಳು, ಹೆಣ್ಣೆಂದ ಮೇಲೆ ಒಳ್ಳೆಯ ದಿನ ತಲೆಗೆ ಆ ಎಣ್ಣೆ ಹಚ್ಚದೆ ಹೊರಗೆ ಹೋಗುವುದುಂಟೇ, ತಲೆಯ ಎಣ್ಣೆಯೂ ಎಣ್ಣೆಯೇ ಎಂದು ಹೊಳೆಯಲೇ ಇಲ್ಲ, ಹಣೆಗೆ ಇಳಿದದ್ದನ್ನು ಟವೆಲಿನಿಂದ ಒರೆಸಿದಾಗ ಎಡಗಣ್ಣಿನದೆಲ್ಲ ಅದಕ್ಕೇ ಅಂಟಿ ಬಂತು, ನೊಣದ ಕಾಲುಗಳ ಹಾಗೆ.

ಹನ್ನೊಂದಕ್ಕೆ ಊರ ಹಿರಿಯರೆಲ್ಲ ಸೇರುವ ಮನೆಗೆ ಫೋಟೋದವನು ಬರುತ್ತಾನೆ, ಎಪ್ಪತ್ತು ದಾಟಿದವರಿಗೆಲ್ಲ ದೀರ್ಘಾಯುಸ್ಸಿನ ಫೋಟೋ, ಹೆಸರಿಗೆ ದೀರ್ಘಾಯುಸ್ಸು, ಇಡುವುದು ಸತ್ತ ದಿನ ಬಿಳಿ ಸೇವಂತಿಗೆಯ ನಡುವೆ, ಆಗಲಿ, ಅದಕ್ಕೇನು ಭಯ, ಇಷ್ಟು ದಿನ ಇಟ್ಟವನಿಗೆ ಕರೆಸಿಕೊಳ್ಳುವುದೂ ಗೊತ್ತು. ನೆರೆಮನೆಯ ಗೊಕ್‌ಸಂಗಿನವಳು ನಿನ್ನೆ ಬೇಲಿಯಾಚೆಯಿಂದಲೇ ಕೂಗಿದಳು, ಏನೇ ಓಕ್‌ಬುನ್, ಈ ವಯಸ್ಸಲ್ಲಿ ರೆಪ್ಪೆ ಕಟ್ಟಿಸ್ಕೊಂಡು ಯಾರಿಗೆ ಕಣ್ಣು ಹೊಡೀತೀಯೆ, ಯಮರಾಜನಿಗಾ? ಹೂಂ ಕಣೆ, ನಿನ್ನ ಸರದಿ ಬಂದಾಗ ನಾನು ಹೇಳಿದ್ರೆ ಒಳಗೆ ಬಿಡ್ತಾನೆ, ಈಗಿಂದ್ಲೇ ನನ್ನ ಹತ್ರ ಚೆನ್ನಾಗಿರು. ಗೊಕ್‌ಸಂಗಿನವಳಿಗೇನು ಗೊತ್ತು, ಚೆಂದಕ್ಕಲ್ಲ, ರೆಪ್ಪೆ ಜೋತು ಕಣ್ಣು ಗೆರೆಯಾಗಿದೆ, ಇರುವ ನಾಲ್ಕು ಬಿಳಿ ಕೂದಲು ಕಾಣುವುದಿಲ್ಲ, ಫೋಟೋದಲ್ಲಿ ಕಣ್ಣು ತೆರೆದಿರಬೇಕು, ಅಷ್ಟೇ, ಬೇರೇನೂ ಬೇಡ. ಅಮ್ಮನದರಲ್ಲಿ ಮುಚ್ಚಿದೆ. ಇದ್ದದ್ದೊಂದೇ ಫೋಟೋ, ಯಾರದೋ ಅಂಗಳದಲ್ಲಿ ತೆಗೆದದ್ದರಿಂದ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದ್ದು, ಅಮ್ಮ ಹೋದಾಗ ಓಕ್‌ಬುನ್‌ಗೆ ಆರು ವರ್ಷ, ಅಂದಿನಿಂದ ಪ್ರತಿ ತಿಥಿಗೂ ಅನ್ನ, ಮೀನು, ಪೇರು ಹಣ್ಣು ಇಟ್ಟು ಆ ಮುಚ್ಚಿದ ಕಣ್ಣಿಗೆ ಅಡ್ಡಬಿದ್ದಿದ್ದಾಳೆ, ಅಮ್ಮನ ಕಣ್ಣು ಹೇಗಿತ್ತು ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ, ಕಪ್ಪಾದ ಉದ್ದ ರೆಪ್ಪೆ, ಅದರ ಕೆಳಗೆ ಏನೂ ಇಲ್ಲ, ಫೋಟೋದ ತಳದಂಚಿನಲ್ಲಿ ಮಾತ್ರ ಕರಿಯ ಒಂದು ಕಲೆ, ಮಸಿಯೋ ಗೆದ್ದಲೋ.

ಮುಗೀತು ಅತ್ತೆ, ಇನ್ನೆರಡು ನಿಮಿಷ, ಪುಟ್ಟ ಫ್ಯಾನಿನ ಗಾಳಿ ಕಣ್ಣಿನ ಮೇಲೆ, ಕೇಳಿಸ್ಕೊಳ್ಳಿ, ದಿನಾ ತುದಿಯಿಂದ ಬಾಚಬೇಕು, ಬುಡ ಎಳೀಬಾರದು, ಮೂರು ವಾರಕ್ಕೆ ನಿಮ್ಮ ಕೂದಲು ತಾನೇ ಉದುರತ್ತೆ, ಇದನ್ನೂ ಜೊತೆಗೆ ಕರ್ಕೊಂಡು ಹೋಗತ್ತೆ. ಹೋಗಲಿ ಬಿಡೆ, ಒಬ್ಬಳೇ ಹೋಗುವುದಕ್ಕಿಂತ ವಾಸಿ. ಈಗ ಕಣ್ಣು ಬಿಡಿ — ಬೆಳಕು, ಕಾಗದದ ಬಾಗಿಲು, ಗೋಡೆ ಗಡಿಯಾರ ಹತ್ತೂ ಇಪ್ಪತ್ತು, ಸಮಯವಿದೆ, ರೆಪ್ಪೆಯ ಮೇಲೆ ಹಗುರವಾದದ್ದೊಂದು ಭಾರ, ಎದ್ದು ಕೂತಳು, ಒಂದು ಫೋಟೋ ತೆಗೀತೀನಿ ನೋಡ್ಕೊಳ್ಳಿ ಎಂದು ಸೊಸೆ ಎದ್ದು ನಿಂತು ಫೋನು ಹಿಡಿದಳು, ಅಷ್ಟರಲ್ಲಿ ಹಳದಿ ನಾಯಿಮರಿ ಒಳನುಗ್ಗಿ ಕಾಲುಚೀಲದ ತುದಿ ಕಚ್ಚಿ ಎಳೆಯಿತು, ಥೂ ನಿನ್ನ, ಬಿಡೋ, ಫೋನು ಕ್ಲಿಕ್ಕೆಂದಿತು. ತಾ ಇಲ್ಲಿ. ನೋಡಿದಳು. ಮುಚ್ಚಿದೆ, ಎರಡೂ ಕಣ್ಣು ಮುಚ್ಚಿದೆ, ಕಪ್ಪಾದ ಉದ್ದ ರೆಪ್ಪೆ, ಅದರ ಕೆಳಗೆ ಏನೂ ಇಲ್ಲ, ಇಷ್ಟೆಲ್ಲ ಮಾಡಿ ಕೊನೆಗೆ ನಾನೂ ಅಮ್ಮನ ಹಾಗೇ ಕಣ್ಣು ಮುಚ್ಚಿಬಿಟ್ಟೆನಲ್ಲೇ. ಎಲ್ಲಿ ಮುಚ್ಚಿದೀರಿ ಅತ್ತೆ, ಮರಿ ಕಡೆ ನೋಡ್ತಿದೀರಿ, ಕೆಳಗೆ ನೋಡೋ ಕಣ್ಣನ್ನ ಮೇಲಿಂದ ತೆಗೆದ್ರೆ ಹಾಗೇ ಕಾಣೋದು, ಅಂಗಡೀಲಿ ನಾವು ಬೇಕಂತ್ಲೇ ಹಾಗೆ ತೆಗೀತಿದ್ವಿ, ರೆಪ್ಪೆ ಚೆನ್ನಾಗಿ ಕಾಣತ್ತೆ ಅಂತ, ನೋಡಿ, ಇಲ್ಲಿ ತಳದಲ್ಲಿ ಮರಿಯ ಕಿವಿ ಬಿದ್ದಿದೆ. ಕಿವಿ. ಹಳದಿ ಕಿವಿಯ ತುದಿ, ಚಿತ್ರದ ತಳದಂಚಿಗೆ, ಕಲೆಯ ಹಾಗೆ — ಗುಡಿಯ ಬೋಸಾಲ್ ಕೂಡ ನಿಂತು ನೋಡಿದರೆ ಕಣ್ಣು ಮುಚ್ಚಿ ಕೂತಿರುತ್ತಾಳೆ, ಪಾದದ ಬಳಿ ಕೂತು ತಲೆಯೆತ್ತಿದರೆ ನಿನ್ನನ್ನೇ ನೋಡುತ್ತಿರುತ್ತಾಳೆ, ಐವತ್ತು ವರ್ಷ ಅಲ್ಲೇ ಕೂತಿದ್ದಾಳೆ ಓಕ್‌ಬುನ್, ಐವತ್ತು ವರ್ಷ, ಅಮ್ಮನ ಫೋಟೋದ ಆ ಕಲೆ ಮಸಿಯಲ್ಲ, ಗೆದ್ದಲಲ್ಲ, ಮುಖ ಕತ್ತರಿಸಿದವನ ಕತ್ತರಿಗೆ ಸಿಗದೆ ಉಳಿದುಹೋದದ್ದು, ಆಗ ಪುಟ್ಟ ಹೆಣ್ಣುಮಕ್ಕಳಿಗೆಲ್ಲ, ಓಕ್‌ಬುನ್‌ಗೂ, ಹಾಗೇ ಕೂದಲು ಕತ್ತರಿಸುತ್ತಿದ್ದರು, ಬೋಗುಣಿ ಕವುಚಿದ ಹಾಗೆ — ಹೊರಡೋಣ್ವಾ ಅತ್ತೆ, ಅತ್ತೆ, ಅಳಬೇಡಿ, ಈಗ್ಲೇ ನೀರು ಆಗಲ್ಲ. ಅಳುತ್ತಿಲ್ಲ, ಯಾಕೆ ಅಳಲಿ, ಅಮ್ಮನ ಬಾಗಿದ ಕಪ್ಪು ರೆಪ್ಪೆ, ಅದರ ಕೆಳಗೆ, ತಳದಂಚಿನಲ್ಲಿ, ಮೇಲೆ ನೋಡುತ್ತಿರುವ ಒಂದು ಪುಟ್ಟ ಕರಿಯ ತಲೆ.