ತಪ್ಪು ಮುಚ್ಚುವ ಸಾಲು

ಶಶಿಧರ ಸರ್ ಪ್ರೋಗ್ರಾಮಿನಲ್ಲಿ ಹಾಕೆಂದದ್ದು ಒಂದೇ ಸಾಲು. ನಾನು ಹಾಕಲಿಲ್ಲ.

ಎರಡು ಸಾವಿರದ ಒಂದನೆಯ ಇಸವಿ. ಖಾನಾಪುರದ ಉಳವಪ್ಪನವರ ಹಂಚಿನ ಕಾರ್ಖಾನೆಗೆ ಹೊಸ ಸರ್ವರ್ ಬಂದಿತ್ತು. ಬೆಳಗಾವಿಯ ಅಂಗಡಿಕಾರರು ಆರ್ಡರ್ ಹಾಕುವ ವೆಬ್ ಪುಟಗಳು ಡೇಟಾಬೇಸಿಗೆ ಸಂಪರ್ಕಗೊಳ್ಳುತ್ತಿದ್ದ ಹಳೆಯ ವಿಧಾನ ಅದರಲ್ಲಿ ನಡೆಯುತ್ತಿರಲಿಲ್ಲ. ಮೂವತ್ತು ಪುಟಗಳನ್ನೂ ಹೊಸ ವಿಧಾನಕ್ಕೆ ಬದಲಿಸುವ ಕೆಲಸ ಉದ್ಯಮಬಾಗದ ನಮ್ಮ ಪುಟ್ಟ ಕಚೇರಿಯಲ್ಲಿ ನನ್ನ ಪಾಲಿಗೆ ಬಿತ್ತು. ಈ ಹೊಸ ವಿಧಾನವೋ, ಕೇಳದಿದ್ದರೆ ಡೇಟಾಬೇಸನ್ನು ಓದಲಷ್ಟೇ ಬಿಡುತ್ತದೆ. ಅದರಲ್ಲಿ ಆರ್ಡರ್ ಬರೆಯಲು ಪ್ರತಿ ಪುಟದಲ್ಲೂ ಬೇರೆ ಅನುಮತಿ ಕೇಳಬೇಕು. ಮೂವತ್ತನ್ನೂ ಒಂದೊಂದಾಗಿ ತಿದ್ದಲು, ಕಚೇರಿಯ ಯಜಮಾನರಾದ ಸರ್ ಹತ್ತಿರ ಎರಡು ದಿನ ಕೇಳಿದೆ.

"ಎರಡ ದಿನ ಯಾಕ? ತಪ್ಪ ಬಂದ್ರ ಬಿಟ್ಟ ಮುಂದ ಹೋಗು ಅಂತ ಎಲ್ಲಾ ಪುಟದ ತಲಿಮ್ಯಾಲ ಒಂದ ಸಾಲ ಹಾಕು. ಎರರ್ ಕಾಣಂಗಿಲ್ಲ," ಎಂದರು ಸರ್.

"ಎರರ್ ಕಾಣಂಗಿಲ್ರೀ, ಖರೇ. ಆರ್ಡರೂ ಉಳಿಯಂಗಿಲ್ಲ."

"ಪ್ರಮಿಳಾ, ಕಾಯಂ ಆಗೂದು ಬ್ಯಾಡೇನ ನಿನಗ?"

ನನ್ನ ಆರು ತಿಂಗಳ ಟ್ರೈನಿಂಗ್ ಅದೇ ವಾರ ಮುಗಿಯುತ್ತಿತ್ತು. ಕುರಿ ಕಾಯುವವರ ಮನೆಯ ಹುಡುಗಿ ಕಂಪ್ಯೂಟರಿನ ಮುಂದೆ ಕೂರುತ್ತಾಳೆಂದು ಅವ್ವ ಪೀರನವಾಡಿಯ ಓಣಿಗೆಲ್ಲ ಸಾರಿಬಿಟ್ಟಿದ್ದಳು. ಆದರೂ ಕೈಕಟ್ಟಿ ಕುಳಿತೆ. ಸಾಲನ್ನು ಸರ್ ತಾವೇ ಹಾಕಿದರು.

ಮರುದಿನ ನನ್ನನ್ನೂ ಖಾನಾಪುರದ ಕಾರ್ಖಾನೆಗೆ ಕರೆದೊಯ್ದು, ಸರ್ ಪರೀಕ್ಷೆಗೆಂದು ಐದು ಸಾವಿರ ಹಂಚಿನ ಆರ್ಡರ್ ಹಾಕಿ ತೋರಿಸಿದರು. 'ನಿಮ್ಮ ಆರ್ಡರ್ ತಲುಪಿದೆ' ಎಂದು ಪರದೆಯ ಮೇಲೆ ಬಂತು. ಉಳವಪ್ಪನವರ ಮುಖ ಅರಳಿತು. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿಯೇ ಲಾರಿಗೆ ಏರಿಸುವ ಮನುಷ್ಯ. ಕಂಪ್ಯೂಟರಿನ ಮಾತನ್ನು ಮಾತ್ರ ಕಣ್ಣುಮುಚ್ಚಿ ನಂಬಿದರು. ನನಗೆ ತಡೆಯಲಾಗಲಿಲ್ಲ.

"ಇದನ್ನೂ ಬಡದ ನೋಡ್ರಿ, ಸಾವಕಾರ್ರ. ಆರ್ಡರ್ ಪಟ್ಟಿ ತಗೀರಿ."

ತೆಗೆದರು. ಪಟ್ಟಿಯಲ್ಲಿ ಆ ಆರ್ಡರ್ ಇರಲಿಲ್ಲ.

"ಯಾರ ಮಾಡ್ಯಾರ ಇದನ್ನ?" ಉಳವಪ್ಪನವರ ದನಿ ಏರಿತು.

"ಈಕಿ ರೀ. ಇನ್ನೂ ಕಲಿಯಾಕತ್ತಾಳ," ಎಂದು ಸರ್ ಹಲ್ಲುಗಿಂಜಿದರು. ಆಮೇಲೆ ನನ್ನತ್ತ ಬಾಗಿ ಮೆಲ್ಲಗೆ, "ನಾಳಿಂದ ಬರಬ್ಯಾಡ" ಎಂದರು.

ಇನ್ನು ಹೆದರುವುದಕ್ಕೆ ಏನು ಉಳಿದಿತ್ತು? ಕುರ್ಚಿ ಎಳೆದು ಕುಳಿತೆ. ಆ ಪುಟದ ತಲೆಯ ಸಾಲನ್ನು ಅಳಿಸಿದೆ. ಎರರ್ ರಾಜಾರೋಷವಾಗಿ ಎದ್ದು ನಿಂತಿತು. ಬರೆಯುವ ಅನುಮತಿ ಸೇರಿಸಿ, ಮತ್ತೆ ಐದು ಸಾವಿರ ಹಂಚು ಹಾಕಿದೆ. ಈ ಸಲ ಪಟ್ಟಿಯಲ್ಲಿ ಬಂತು.

"ಸಾವಕಾರ್ರ, ಇದನ್ನ ನಾ ಮಾಡೇನಿ," ಎಂದೆ, ಸರ್ ಮುಖವನ್ನೇ ನೋಡುತ್ತ. "ಮೊದಲಿಂದು ಇವರದು."