ಅತ್ತೆಯ ಟೊಮೆಟೊಗೆ ಇಪ್ಪತ್ತೆರಡು ಡಿಗ್ರಿ

ನನ್ನ ಕಸುಬೇ ತಂಪಿನದು. ಇಪ್ಪತ್ತಾರು ವರ್ಷದಿಂದ ವಾಲ್ಪರೈಸೊ ಬಂದರಿನ ಮೀನನ್ನು ಶೀತಲ ಲಾರಿಯಲ್ಲಿ ಒಳನಾಡಿಗೆ ಸಾಗಿಸುತ್ತಿದ್ದೇನೆ. ಉದ್ದ ಸೂಜಿಯ ಥರ್ಮಾಮೀಟರ್ ಸದಾ ಅಂಗಿಯ ಜೇಬಿನಲ್ಲಿರುತ್ತದೆ. ಮೀನಿನ ಹೊಟ್ಟೆಗೆ ಚುಚ್ಚಿ ಎರಡು ಡಿಗ್ರಿ ಮೀರಿಲ್ಲವೆಂದು ತೋರಿಸಿದರೇನೇ ಅಂಗಡಿಯವರು ಪೆಟ್ಟಿಗೆ ಇಳಿಸಿಕೊಳ್ಳುವುದು. ಹಾಗಾಗಿ ಕೆಟ್ಟುಹೋಗುವಂಥದ್ದು ಏನು ಕಂಡರೂ ನನ್ನ ಕೈ ತಾನಾಗಿ ಅದನ್ನು ಫ್ರಿಜ್ಜಿಗೆ ಸೇರಿಸುತ್ತದೆ. ಅತ್ತೆಗೂ ನನಗೂ ಜಗಳ ಹತ್ತಿದ್ದು ಅಲ್ಲಿಂದಲೇ.

ಅತ್ತೆ, ಅಂದರೆ ಹೆಂಡತಿಯ ತಾಯಿ, ಊರವರು ಗೌರವದಿಂದ ದೋನ್ಯಾ ಜುನಿಲ್ಡಾ ಎನ್ನುವವರು, ಎಪ್ಪತ್ತೊಂದರವರು. ಲಿಮಾಚೆಯ ನಮ್ಮ ಮನೆಯ ಹಿತ್ತಿಲಲ್ಲಿ ಪ್ರತಿ ಬೇಸಿಗೆಗೂ ಹನ್ನೊಂದು ಟೊಮೆಟೊ ಗಿಡ ಹಾಕುತ್ತಾರೆ. ತಾಯಿಯ ಕಾಲದ ಬೀಜ. ಗುಲಾಬಿ ಬಣ್ಣದ ಹಣ್ಣು, ಮೈತುಂಬ ಮಡಿಕೆ, ಉಗುರು ತಾಗಿದರೆ ಸಾಕು ರಸ ಒಸರುವಷ್ಟು ತೆಳು ಸಿಪ್ಪೆ. ಊರಿನ ಅಗ್ನಿಶಾಮಕ ಪಡೆಯವರು ಫೆಬ್ರುವರಿಯಲ್ಲಿ ನಡೆಸುವ ಟೊಮೆಟೊ ಸ್ಪರ್ಧೆಗೆ ಅತ್ತೆ ಮೂರು ವರ್ಷ ಹಣ್ಣು ಕೊಟ್ಟರು. ಮೂರು ವರ್ಷವೂ ಕೊನೆಯ ಸ್ಥಾನವೇ ಬಂತು. ಹೋದ ಸಲದ ತೀರ್ಪಿನ ಚೀಟಿಯಲ್ಲಿ "ನೋಡಲು ಚೆಂದ, ರುಚಿಯಿಲ್ಲ" ಎಂದಿತ್ತು.

ನಮ್ಮಲ್ಲಿ ಜನವರಿ ನಡು ಬೇಸಿಗೆ; ಈ ಸಲ ತಿಂಗಳ ಆರಂಭದಲ್ಲೇ ಮೊದಲ ಹಣ್ಣುಗಳು ಬಂದವು. ನಾನು ಎಂದಿನಂತೆ ನಾಲ್ಕನ್ನು ಫ್ರಿಜ್ಜಿಗೆ ತಳ್ಳಿದೆ. ಮರುದಿನ ಅತ್ತೆ ಅದರ ಬಾಗಿಲು ತೆರೆದು ಕೂಗಿದರು.

"ಯಾರು ಇಟ್ಟಿದ್ದು ಇವನ್ನ?"

"ನಾನೇ ಅತ್ತೆ. ಈ ಸೆಖೇಲಿ ಕೊಳೆತು ಹೋಗ್ತಾವೆ."

"ನೋಡು ನೊಲ್ಬೆರ್ತೊ, ನೀನು ದಿನಾ ಹೊರೋದು ಹೆಣ. ಮೀನು ಸತ್ತಿರುತ್ತೆ, ಅದಕ್ಕೆ ತಂಪು ಬೇಕು. ಟೊಮೆಟೊ ಇನ್ನೂ ಉಸಿರಾಡ್ತಿದೆ ಕಣಪ್ಪ."

"ತಣ್ಣಗಿದ್ರೆ ರುಚಿ ಜಾಸ್ತಿ ಅತ್ತೆ. ಹದಿನೈದು ಡಿಗ್ರೀಲಿ ತಿನ್ನಬೇಕು."

"ನಿನ್ನ ನಾಲಿಗೆ ಮೇಲೂ ಮಂಜುಗಡ್ಡೆ ಕೂತಿದೆ."

ಹೆಂಡತಿ ಎರ್ಸಿಲಿಯಾ ಈರುಳ್ಳಿ ಹೆಚ್ಚುತ್ತಾ ತಲೆ ಎತ್ತದೆ ಹೇಳಿದಳು: "ಸುಮ್ನೆ ಯಾಕೆ ಬಾಯಿ ನೋಯಿಸ್ಕೊಳ್ತೀರ? ಕಣ್ಣು ಕಟ್ಕೊಂಡು ತಿಂದು ನೋಡಿ."

ಹಾಗೆಯೇ ಮಾಡಿದೆವು. ಒಂದೇ ಗಿಡದ ಹಣ್ಣು. ಒಂದು, ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದು ನಾಲ್ಕು ಡಿಗ್ರಿಗೆ ಇಳಿದದ್ದು. ಒಂದು ನನ್ನ ಹಟಕ್ಕೆ ತಣ್ಣೀರಲ್ಲಿ ಮುಳುಗಿಸಿ ಹದಿನೈದಕ್ಕೆ ತಂದದ್ದು. ಒಂದು ಮಟಮಟ ಮಧ್ಯಾಹ್ನ ಬಿಸಿಲಿನಲ್ಲೇ ಕಿತ್ತದ್ದು, ಸೂಜಿ ಮೂವತ್ತನಾಲ್ಕು ತೋರಿಸಿತು. ಇನ್ನೊಂದು ಅತ್ತೆಯದು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕಿತ್ತು, ಜಗಲಿಯ ನೆರಳಲ್ಲಿ ತೊಟ್ಟು ಕೆಳಗಾಗಿ ಊಟದ ಹೊತ್ತಿನವರೆಗೆ ಇಟ್ಟದ್ದು. ಅದು ಇಪ್ಪತ್ತೆರಡು.

ನಾಲ್ಕು ಡಿಗ್ರಿಯದು ಬರೀ ನೀರು. ಬಿಸಿಲಿನದು ಘಮಘಮ ಅನ್ನುತ್ತಿತ್ತು, ಆದರೆ ಹುಳಿ ಸೋತು, ತಿರುಳು ಗಂಜಿಯಂತಾಗಿತ್ತು. ಹದಿನೈದರದು ಪರವಾಗಿಲ್ಲ, ಆದರೆ ಮಾತು ಅರ್ಧಕ್ಕೆ ನಿಲ್ಲಿಸಿದಂತೆ. ಇಪ್ಪತ್ತೆರಡರದನ್ನು ಬಾಯಿಗಿಟ್ಟಾಗ ಮೊದಲು ಎಲೆಯ ವಾಸನೆ ಬಂತು, ಹಿಂದೆಯೇ ಸಿಹಿ, ಆಮೇಲೆ ಹುಳಿ, ಕೊನೆಗೆ ಮಾಂಸದ ಸಾರಿನಂಥ ಒಂದು ತೂಕ. ಏಳು ಭಾನುವಾರ ಹೀಗೆ ನಡೆಸಿದೆವು. ಏಳು ಸಲವೂ ಕಣ್ಣು ಕಟ್ಟಿಕೊಂಡ ನಾನು ಅತ್ತೆಯ ಹಣ್ಣನ್ನೇ ಆರಿಸಿದೆ. ಅವರು ಕ್ಯಾಲೆಂಡರಿನ ಹಿಂದೆ ಗೀಟು ಎಳೆಯುತ್ತಾ ಹೋದರು.

ನಾಲ್ಕನೇ ವಾರ ನನಗೊಂದು ಯೋಚನೆ ಬಂತು. ಫ್ರಿಜ್ಜಿನ ಹಣ್ಣನ್ನು ಹೊರಗಿಟ್ಟು, ಅದೂ ಇಪ್ಪತ್ತೆರಡಕ್ಕೆ ಬರುವವರೆಗೆ ಕಾದು ತಿಂದೆ. ಆಗಲೂ ಸಪ್ಪೆಯೇ. ಹೋದ ಘಮ ವಾಪಸು ಬರಲಿಲ್ಲ.

ಅತ್ತೆ ಚಾಕು ಕೆಳಗಿಟ್ಟರು. "ಅಗ್ನಿಶಾಮಕದೋರು ಹಣ್ಣನ್ನ ಸ್ಪರ್ಧೆ ಹಿಂದಿನ ಸಂಜೆನೇ ಇಸ್ಕೊಳ್ತಾರಲ್ಲ. ಎಲ್ಲಿಡ್ತಾರೆ?"

ಇಬ್ಬರಿಗೂ ಗೊತ್ತಿತ್ತು. ಪಡೆಯ ಸಭಾಂಗಣದ ಮೂಲೆಯ ದೊಡ್ಡ ಫ್ರಿಜ್ಜಿನಲ್ಲಿ.

ಮರುದಿನವೇ ಅತ್ತೆ ಸ್ಪರ್ಧೆಯ ಮುಖ್ಯಸ್ಥ ದೋನ್ ಹಿಪೊಲಿತೊ ಹತ್ತಿರ ಹೋದರು. ಆತ ನಿಯಮದ ಹಾಳೆ ತೋರಿಸಿ, "ಎಲ್ಲರಿಗೂ ಒಂದೇ ಕಾನೂನು ದೋನ್ಯಾ. ಸೋತೋರು ಮೊದಲು ಗೊಬ್ಬರ ಅಂತಾರೆ, ಆಮೇಲೆ ನೀರು ಅಂತಾರೆ. ಫ್ರಿಜ್ ಅಂದೋರು ನೀವೇ ಮೊದಲು" ಎಂದು ನಕ್ಕರಂತೆ.

ಸ್ಪರ್ಧೆಯ ಹಿಂದಿನ ಸಂಜೆ ಅತ್ತೆ ನಿಯಮದ ಪ್ರಕಾರವೇ ನಾಲ್ಕು ಹಣ್ಣು ಒಪ್ಪಿಸಿದರು. ಮಾರನೆಯ ಬೆಳಗ್ಗೆ ಅದೇ ಗಿಡದ ಇನ್ನೆರಡನ್ನು ಕಿತ್ತು, ಬುಟ್ಟಿಯಲ್ಲಿಟ್ಟು, ತೆಳು ಬಟ್ಟೆ ಮುಚ್ಚಿ, ಗಾಡಿಯಲ್ಲಿ ನನ್ನ ಪಕ್ಕ ಕೂತು ಬಂದರು. ದಾರಿಯುದ್ದಕ್ಕೂ ಬಿಸಿಲು ಬಿದ್ದ ಕಡೆಗೆ ತಮ್ಮ ಹ್ಯಾಟು ಅಡ್ಡ ಹಿಡಿದಿದ್ದರು.

ಸಭಾಂಗಣ ತುಂಬಿತ್ತು. ತೀರ್ಪುಗಾರ್ತಿ ಹಾಸಿಂತಾ ಓಯಾರ್ಸೂನ್ ಎಂಬ ಕೃಷಿ ತಜ್ಞೆ, ಬೇರೆ ಊರಿನವರು, ಕಡಿಮೆ ಮಾತಿನವರು. ಅವರು ಮೊದಲ ತಟ್ಟೆಗೆ ಕೈ ಹಾಕುವ ಮುಂಚೆ ಅತ್ತೆ ಎದ್ದು ನಿಂತರು.

"ಅಮ್ಮಾ, ಒಂದು ಕೇಳಿಕೆ. ಶುರು ಮಾಡೋಕೆ ಮುಂಚೆ ಕಣ್ಣು ಕಟ್ಕೊಂಡು ಎರಡು ತುಂಡು ತಿನ್ನಿ. ಲೆಕ್ಕಕ್ಕೆ ಬೇಡ, ಸುಮ್ನೆ."

"ದೋನ್ಯಾ ಜುನಿಲ್ಡಾ, ಕೂತ್ಕೊಳ್ಳಿ" ಎಂದರು ಹಿಪೊಲಿತೊ.

"ಟೊಮೆಟೊ ತಿನ್ನೋಕೇ ನನ್ನ ಕರೆಸಿದ್ದೀರಿ. ಎರಡು ಹೆಚ್ಚಾದ್ರೆ ನಾನೇನು ಸಾಯಲ್ಲ" ಎಂದರು ಹಾಸಿಂತಾ, ತಮ್ಮ ಕೊರಳ ವಸ್ತ್ರ ಬಿಚ್ಚಿ ಕಣ್ಣಿಗೆ ಕಟ್ಟಿಕೊಳ್ಳುತ್ತಾ.

ನಾನೇ ಹೆಚ್ಚಿ ಕೊಟ್ಟೆ. ಮೊದಲನೆಯದು ಅತ್ತೆ ಒಪ್ಪಿಸಿದ್ದು, ರಾತ್ರಿ ಫ್ರಿಜ್ಜಿನಲ್ಲಿದ್ದದ್ದು.

"ನೀರು ನೀರು. ಕಾಯಿ ಇದ್ದಾಗ್ಲೇ ಕಿತ್ತಿದ್ದಾರೆ. ಮಾರ್ಕೆಟ್ಟಿಂದ ತಂದಿದ್ದು" ಎಂದರು.

ಎರಡನೆಯದು ಬುಟ್ಟಿಯದು, ಅದನ್ನು ನಿಧಾನವಾಗಿ ಅಗಿದರು. ಆಕೆ ಕೈ ಮುಂದೆ ಚಾಚಿ, "ಇನ್ನೊಂದು ತುಂಡು" ಎಂದರು. ಅದೂ ಮುಗಿಯಿತು. "ಸ್ವಲ್ಪ ಉಪ್ಪು ಇದೆಯಾ?" ಮೂರನೆಯದನ್ನು ತಿಂದು, ಗಲ್ಲದ ಮೇಲಿನ ರಸ ಒರೆಸಿಕೊಂಡು ಕೇಳಿದರು: "ಯಾರದಿದು? ಯಾವ ತಳಿ?"

"ಎರಡೂ ನನ್ನವೇ. ಎರಡೂ ಒಂದೇ ಗಿಡದ್ದು. ಒಂದು ನಿಮ್ಮ ಫ್ರಿಜ್ಜಲ್ಲಿ ಮಲಗಿತ್ತು" ಎಂದರು ಅತ್ತೆ.

ಕಣ್ಣಿನ ಪಟ್ಟಿ ಬಿಚ್ಚಿದ ಹಾಸಿಂತಾ ಸಾಲಾಗಿಟ್ಟಿದ್ದ ತಣ್ಣನೆಯ ತಟ್ಟೆಗಳನ್ನು ನೋಡಿದರು. ಹಿಪೊಲಿತೊ ನಿಯಮದ ಹಾಳೆ ಹುಡುಕತೊಡಗಿದರು. ಆಗ ಎದ್ದವರು ಒಂಬತ್ತು ವರ್ಷದಿಂದ ಸತತವಾಗಿ ಗೆಲ್ಲುತ್ತಿದ್ದ ದೋನ್ ಬಾಲ್ದೊಮೇರೊ. ಅವರು ಅತ್ತೆಯ ಮೇಲೆ ಹರಿಹಾಯುತ್ತಾರೆಂದು ನಾನು ಒಂದು ಹೆಜ್ಜೆ ಮುಂದೆ ಹೋದೆ. ಆದರೆ ಆತ ನೇರ ಮೇಜಿಗೆ ಬಂದು, ಬುಟ್ಟಿಯ ಹಣ್ಣಿನಿಂದ ಒಂದು ತುಂಡು ತಿಂದು, ಟೋಪಿ ತಲೆಗಿಟ್ಟುಕೊಂಡರು.

"ನಾನು ಮನೆಗೆ ಹೋಗ್ತೀನಿ. ಇವತ್ತು ಬೆಳಗ್ಗೆ ಕಿತ್ತಿದ್ದು ನನ್ನ ಹತ್ರಾನೂ ಇದೆ. ಒಂದು ಗಂಟೆ ಕಾಯಿರಿ."

ಅಷ್ಟೇ ಸಾಕಾಯಿತು. ಹತ್ತೊಂಬತ್ತು ಮನೆಯವರು ಬಾಗಿಲಲ್ಲಿ ನೂಕಾಡಿಕೊಂಡು ಓಡಿದರು. ಸೈಕಲ್ಲಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಒಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು. ಒಂದೂವರೆ ಗಂಟೆಯಲ್ಲಿ ಮಡಿಲಲ್ಲಿ, ಟೋಪಿಯಲ್ಲಿ, ಮೊರದಲ್ಲಿ ಟೊಮೆಟೊ ಬಂದು ಮೇಜು ತುಂಬಿತು. ಬಿಸಿಲಿನಿಂದ ಬಂದವನ್ನು ಹಾಸಿಂತಾ ನೆರಳಲ್ಲಿ ಆರಲು ಬಿಟ್ಟರು. ಪ್ರತಿಯೊಂದಕ್ಕೂ ಸೂಜಿ ಚುಚ್ಚಿ ನಾನು ಗಟ್ಟಿಯಾಗಿ ಡಿಗ್ರಿ ಕೂಗಿದೆ. ಇಪ್ಪತ್ತೆರಡಕ್ಕೆ ಬಂದದ್ದಷ್ಟೇ ತಟ್ಟೆಗೆ ಹೋಯಿತು. ಆ ಮಧ್ಯಾಹ್ನ ಸಭಾಂಗಣದಲ್ಲಿ ಹರಡಿದ್ದ ಘಮ ಆ ಗೋಡೆಗಳಿಗೆ ಹೊಸದು.

ಮೊದಲ ಸ್ಥಾನ ಅತ್ತೆಗೆ. ಎರಡನೆಯದು ಬಾಲ್ದೊಮೇರೊಗೆ.

ಆತ ಬಂದು ಅತ್ತೆಯ ಕೈ ಕುಲುಕಿದರು. "ಒಂಬತ್ತು ವರ್ಷ ನಾನು ಯಾಕೆ ಗೆದ್ದೆ ಅಂತ ಈಗ ಗೊತ್ತಾಯ್ತು. ತಂಪಲ್ಲಿ ಕಳ್ಕೊಳ್ಳೋಕೆ ನನ್ನ ಹಣ್ಣಲ್ಲಿ ಇದ್ದದ್ದೇ ಕಮ್ಮಿ."

"ಬೀಜ ಕೊಡ್ತೀನಿ, ಬಂದು ತಗೊಂಡೋಗು. ಆದ್ರೆ ಮುಂದಿನ ವರ್ಷಾನೂ ಎರಡನೇದೇ" ಎಂದರು ಅತ್ತೆ.

ಉಳಿದ ಹಣ್ಣಿಗೆಲ್ಲ ಈರುಳ್ಳಿ, ಎಣ್ಣೆ ಬಿತ್ತು. ಬೇಕರಿಯ ಬ್ರೆಡ್ಡಿನ ಜೊತೆ ಊರೇ ಕೂತು ತಿಂದಿತು. ಆಮೇಲೆ ಪಡೆಯವರು ಕೆಂಪು ಬಂಡಿ ಹೊರತೆಗೆದು ಅತ್ತೆಯನ್ನು ಚಾಲಕನ ಪಕ್ಕದಲ್ಲಿ ಕೂರಿಸಿದರು. ಹಿಪೊಲಿತೊ ಅವರೇ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಎರ್ಸಿಲಿಯಾ, ನಾನು ಹಿಂದೆ ಏಣಿಯ ಪಕ್ಕ ನಿಂತೆವು. ಸೈರನ್ ಮೊಳಗಿದಾಗ ಬೀದಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು, ಬೆಂಕಿ ಎಲ್ಲಿ ಎಂದು ಕೇಳುತ್ತಿದ್ದರು. ಅತ್ತೆ ವಯಸ್ಸಾದವರೆಂದು ಚಾಲಕ ಮೆಲ್ಲಗೆ ಓಡಿಸುತ್ತಿದ್ದ. ಚೌಕದ ಹತ್ತಿರ ಮುಂದಿನಿಂದ ಅತ್ತೆಯ ದನಿ ಕೇಳಿಸಿತು:

"ಏನಪ್ಪಾ, ಹೆಣ ಹೊತ್ಕೊಂಡು ಹೋಗ್ತಿದ್ದೀಯಾ? ಸ್ವಲ್ಪ ಜೋರಾಗಿ ಓಡಿಸು."