ಕೆಂಪು ಪೀಪಾಯಿಯ ಆಚೆ

"ಇನ್ನು ಅವರ ಸುಪರ್ದಿ ಅಂತ ಹೇಳಿ," ಎಂದ ಪೈಲಟ್ ಗುಮ್ಮ, ಹಡಗಿನ ಕ್ಯಾಪ್ಟನ್ನನಿಗೆ.

ಕ್ಯಾಪ್ಟನ್ ಕತ್ತು ಹೊರಳಿಸಿ, ಒಂದು ಮಾರು ದೂರದಲ್ಲೇ ನಿಂತಿದ್ದ ಇನ್ನೊಬ್ಬ ಪೈಲಟ್ಟಿಗೆ, "ಇನ್ನು ನಿಮ್ಮ ಸುಪರ್ದಿಯಂತೆ," ಎಂದ.

"ಕೇಳಿಸ್ತು, ನಾನೇನು ಕಿವುಡನಾ? ಆಯ್ತು ಅಂತ ಹೇಳಿ."

"ಆಯ್ತಂತೆ."

ತೇಲುವ ಕೆಂಪು ಪೀಪಾಯಿ ಹಡಗಿನ ಹಿಂದಕ್ಕೆ ಸರಿಯಿತು. ಆ ಜಲಸಂಧಿಯ ಪದ್ಧತಿಯೇ ಹಾಗೆ. ಎರಡು ದಡ, ಎರಡು ದೇಶ. ನಡುವಿನ ನೀರು ಪೂರ್ತಿ ನಮ್ಮದೇ ಎಂದು ಇಬ್ಬರದೂ ಹಟ. ಆದ್ದರಿಂದ ಯಾವ ಹಡಗು ಬಂದರೂ ದಾರಿ ತೋರಿಸಲು ದಡಕ್ಕೊಬ್ಬ ಪೈಲಟ್ ಹತ್ತಬೇಕು. ಪೀಪಾಯಿಯವರೆಗೆ ಒಬ್ಬನ ಮಾತು, ಅಲ್ಲಿಂದಾಚೆ ಇನ್ನೊಬ್ಬನದು. ಇನ್ನೊಬ್ಬನ ಸರದಿಯಲ್ಲಿ ಬಾಯಿ ಹಾಕಿದರೆ ಅದು ಆಕ್ರಮಣ. ಒಮ್ಮೆ ಗುಮ್ಮ ಆಚೆಯವನ ಸರದಿಯಲ್ಲಿ ಸೀನಿದ್ದಕ್ಕೆ ಎರಡೂ ಕಡೆ ಸೈನ್ಯ ರಜೆ ರದ್ದು ಮಾಡಿತ್ತು.

ಇವತ್ತು ಆ ಹಟ ಮುಗಿಯಬೇಕಾದ ದಿನ. ಹಡಗಿನ ಕೆಳಗಿನ ಸಭಾಕೋಣೆಯಲ್ಲಿ ಎರಡೂ ಕಡೆಯ ಮಂತ್ರಿಗಳು ಬೆಳಿಗ್ಗೆಯಿಂದ ಕೂತಿದ್ದರು. ಪೆನ್ನು ಸಿದ್ಧವಿತ್ತು. ಗೆರೆ ಎಲ್ಲಿ ಎಳೆಯುವುದೆಂಬುದೊಂದು ಬಾಕಿ.

ಗುಮ್ಮನಿಗೆ ಒಪ್ಪಂದ ಬೇಕಿರಲಿಲ್ಲ. ಬೇಕಿದ್ದದ್ದು ಪಕ್ಕದಲ್ಲಿ ನಿಂತ ಪೈಲಟ್ಟಿನ ಮಾನ ಕಳೆಯುವುದು. ಆತ ಗುಮ್ಮನ ಹೆಂಡತಿಯ ಅಣ್ಣ, ಸ್ವಂತ ಭಾವ. ದೇಶಗಳ ಜಗಳ ಜೋರಾಗಿ ದಾರಿ ಮುಚ್ಚಿದ ವರ್ಷ ಅವಳು ಆಚೆ ದಡದ ತವರಿಗೆ ಹೋಗಿದ್ದಳು. ಅಲ್ಲೇ ಹಾಸಿಗೆ ಹಿಡಿದಳು. ಗುಮ್ಮ ಸಣ್ಣ ದೋಣಿ ಹತ್ತಿ ಪೀಪಾಯಿಯವರೆಗೆ ಹೋದ. ಕಾವಲು ದೋಣಿಯಲ್ಲಿ ನಿಂತಿದ್ದವನು ಭಾವನೇ. "ಅಪ್ಪಣೆ ಇಲ್ಲ, ತಿರುಗಿಸಿ," ಅಂದ, ಮುಖ ನೋಡದೆ. ಹೆಂಡತಿಯನ್ನು ಮಣ್ಣು ಮಾಡಿದ್ದನ್ನು ಗುಮ್ಮ ಈ ದಡದಿಂದ ದುರ್ಬೀನಿನಲ್ಲಿ ನೋಡಿದ. ಅಂದಿನಿಂದ ಹಲ್ಲು ಕಚ್ಚಿಕೊಂಡೇ ಇದ್ದ. ಹಲ್ಲಿನ ಡಾಕ್ಟರು, ಇನ್ನು ಕಚ್ಚಲು ಹಲ್ಲು ಉಳಿಯುವುದಿಲ್ಲ ಎಂದು ಎಚ್ಚರಿಸಿದ್ದರು.

ಹೋದ ಬಿರುಗಾಳಿಯ ನಂತರ ಗುಮ್ಮ ಮೀನಿನ ನೆಪದಲ್ಲಿ ಪೀಪಾಯಿಯ ಆಚೆ ಕದ್ದು ಹೋಗಿ, ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡಿದ್ದ. ಹಡಗಿನ ದಾರಿಯಲ್ಲೇ ಹೊಸ ಮರಳುದಿಬ್ಬ ಎದ್ದಿತ್ತು. ಯಾರಿಗೂ ಹೇಳಲಿಲ್ಲ. ಮಂತ್ರಿಗಳಿರುವ ಹಡಗನ್ನು ಮರಳಿಗೆ ಹತ್ತಿಸಿದ ಪೈಲಟ್ಟಿಗೆ ಆಮೇಲೆ ತೆಪ್ಪಕ್ಕೆ ಹುಟ್ಟು ಹಾಕಲೂ ಯಾರೂ ಬಿಡುವುದಿಲ್ಲ.

"ಸ್ವಲ್ಪ ಎಡಕ್ಕೆ," ಎಂದ ಭಾವ, ಕನ್ನಡಕ ಒರೆಸುತ್ತ.

ಗುಮ್ಮ ಬಾಯಿ ಬಿಗಿಹಿಡಿದು ಒಳಗೊಳಗೇ ಹಿಗ್ಗಿದ.

ಆರಾಮಕುರ್ಚಿಯಲ್ಲಿ ಮುದುಕ ಕೂರುವ ಹಾಗೆ ಹಡಗು ಮರಳಿನ ಮೇಲೆ ಕೂತಿತು. ಕೆಳಗೆ ಲೋಟಗಳು ಉರುಳಿದವು. ಮಂತ್ರಿಗಳಿಬ್ಬರೂ ಮೇಲೆ ಓಡಿಬಂದರು. ಜಾಗ ಯಾರದೋ, ಹಡಗು ಬಿಡಿಸುವ ಭಾರ ಅವರದೇ ಎಂದು ಕ್ಯಾಪ್ಟನ್ ತಣ್ಣಗೆ ಹೇಳಿದ.

"ಹಾಗಾದ್ರೆ ಈ ಜಾಗ ನಿಮ್ಮದೇ," ಎಂದರು ಒಬ್ಬರು. "ನಾವು ಯಾವತ್ತಾದ್ರೂ ಅಡ್ಡಿ ಮಾಡಿದ್ದೀವಾ?"

"ಛೇ ಛೇ, ನಿಮ್ಮದು. ತಾತನ ಕಾಲದಿಂದ ನಮ್ಮದು ಅಂತ ನೀವೇ ಬೆಳಿಗ್ಗೆ ಟೇಬಲ್ ಕುಟ್ಟಿದ್ರಲ್ಲ."

"ಬೆಳಿಗ್ಗೆ ಹಸಿವಾಗಿತ್ತು ಸ್ವಾಮಿ."

ಹೀಗೆ ಒಬ್ಬರಿಗೊಬ್ಬರು ಸಮುದ್ರ ದಾನ ಮಾಡಿ ಮಾಡಿ ಸುಸ್ತಾಗಿ, ಕೊನೆಗೆ ನೀರೂ ಇಬ್ಬರದು, ಮರಳೂ ಇಬ್ಬರದು ಎಂದು ಸಹಿ ಹಾಕಿದರು.

ಸಿಕ್ಕಿಕೊಂಡ ಹಡಗನ್ನು ಅದರ ಸುಪರ್ದಿ ಹೊತ್ತ ಪೈಲಟ್ ಬಿಡುವಂತಿಲ್ಲ. ಉಳಿದವರನ್ನು ಹತ್ತಿರದ ದಡಕ್ಕೆ ಇಳಿಸಬೇಕು. ಪೈಲಟ್ಟುಗಳಿಗೆಲ್ಲ ಬಾಯಿಪಾಠವಾದ ನಿಯಮ. ಇಲ್ಲಿಂದ ಹತ್ತಿರದ್ದು ಭಾವನ ದಡ. ಇಳಿಯುವ ಮುಂಚೆ ಗುಮ್ಮ, ಎಷ್ಟೋ ವರ್ಷಗಳ ಮೇಲೆ, ಭಾವನ ಜೊತೆ ನೇರ ಮಾತಾಡಿದ.

"ಮರಳು ಇರೋದು ನನಗೆ ಗೊತ್ತಿತ್ತು ಭಾವ. ಹೇಳೋಕೆ ಅಪ್ಪಣೆ ಇರಲಿಲ್ಲ."

"ಹೌದಾ," ಎಂದ ಭಾವ. "ಹುಷಾರಾಗಿ ಇಳೀರಿ. ಏಣಿ ಜಾರುತ್ತೆ."

ದಡ ಮುಟ್ಟುವಾಗ ಗುಮ್ಮನ ಬೂಟಿನ ತುಂಬ ನೀರು. ಭಾವನ ಹೆಂಡತಿ ದಡದಲ್ಲೇ ಕಾದಿದ್ದಳು. ಮನೆಗೆ ಕರೆದೊಯ್ದು, ಕೂರಿಸಿ, ಒಂದು ಲೋಟ ನೀರು ಕೊಟ್ಟಳು.

"ಅಕ್ಕ, ನಿಮ್ಮ ಯಜಮಾನರ ಕೆಲಸ ಇವತ್ತಿಗೆ ಹೋಯ್ತು," ಎಂದ ಗುಮ್ಮ, ಸಕ್ಕರೆ ಚಪ್ಪರಿಸುವವನಂತೆ.

"ಹೋಗುತ್ತೆ ಅಂತ ಹೇಳಿದ್ರು ಅಣ್ಣ. ಈಚೆಗೆ ದಿನಾ ದೋಣೀಲಿ ಹೋಗಿ, ಆ ಮರಳಿಗೆ ಗಳ ಚುಚ್ಚಿ ಚುಚ್ಚಿ ನೋಡ್ಕೊಂಡು ಬರ್ತಿದ್ರು. ಒಪ್ಪಂದ ಆದ್ರೂ ಜನರನ್ನ ಈ ಕಡೆ ಬಿಡೋಕೆ ಇನ್ನೆಷ್ಟು ವರ್ಷವೋ, ನಿಮ್ಮನ್ನ ಇಲ್ಲಿ ಇಳಿಸೋಕೆ ಬೇರೆ ದಾರಿ ಕಾಣೆ ಅಂದ್ರು."

ಗುಮ್ಮ ಲೋಟ ಕೆಳಗಿಟ್ಟ.

"ನಿಮ್ಮವಳನ್ನ ಮಲಗಿಸಿರೋದು ಅಗೋ, ಆ ಗೋಡೆ ಹಿಂದೆ. ಒದ್ದೆ ಬೂಟಲ್ಲಿ ಹೋಗ್ಬೇಡಿ, ನಮ್ಮವರ ಚಪ್ಪಲಿ ಹಾಕ್ಕೊಳ್ಳಿ."

"ಅವನ ಚಪ್ಪಲಿ ನಾನು ಮೆಟ್ಟಲ್ಲ."

"ಹಾಗಾದ್ರೆ ಬರಿಗಾಲಲ್ಲಿ ಹೋಗಿ. ದಾರಿ ತುಂಬ ಚಿಪ್ಪಿನ ಚೂರು."

ಅವಳು ಒಳಗೆ ಹೋದಳು. ಗುಮ್ಮ ಹೊಸ್ತಿಲ ಮೇಲೆ ಕೂತು ಒದ್ದೆ ಬೂಟು ಬಿಚ್ಚಿದ. ಆಮೇಲೆ ಚಪ್ಪಲಿಗೆ ಕಾಲು ತೂರಿಸಿದ. ಅಳತೆಗೆ ದೊಡ್ಡವು. ಜಾರಿಹೋಗದಂತೆ ಹೆಬ್ಬೆರಳು ಬಿಗಿಹಿಡಿದುಕೊಂಡು, ಗೋಡೆಯ ಕಡೆಗೆ ನಿಧಾನವಾಗಿ ನಡೆದ.